ಹಳೇ ಗೇಮಿಂಗ್ ಪಿಸಿ, ವೇರೂಳಿನ ಬಂಡೆ: ಅಪ್‌ಗ್ರೇಡ್ ಅನ್ನೋದರ ಚರಿತ್ರೆ

ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡೋ, ಹಾವೇರಿ ಕಡೆಯ ಗೆಳೆಯರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. 2017ರಲ್ಲಿ, ಮೊದಲ ಬೋನಸ್ ಬಂದಾಗ, ಆಸೆಪಟ್ಟು ಒಂದು ಗೇಮಿಂಗ್ ಪಿಸಿ ಅಸೆಂಬಲ್ ಮಾಡಿಸಿದ್ರಂತೆ. ಇಂಟೆಲ್ ಐ5-7400, ಬಿ250 ಮದರ್‌ಬೋರ್ಡ್, 8 ಜಿಬಿ ಡಿಡಿಆರ್4 ರ‍್ಯಾಮ್, ಜಿಟಿಎಕ್ಸ್ 1060 ಕಾರ್ಡ್. ಆ ಕಾಲಕ್ಕೆ ಅದು ರಾಜಯೋಗ. ಈಗ ಹೊಸ ಆಟಗಳು ತಡವರಿಸ್ತಿವೆ. ಆದರೆ ಮನೆ ಸಾಲದ ಕಂತಿದೆ, ಮಗಳ ಶಾಲೆ ಫೀಸಿದೆ. "ಸರ್, ಇದನ್ನೇ ಅಪ್‌ಗ್ರೇಡ್ ಮಾಡಲಾ, ಇಲ್ಲಾ ಪೂರ್ತಿ ಹೊಸದೇ ತಗೊಳ್ಳಲಾ?" ಅಂತ ಕೇಳ್ತಿದ್ದಾರೆ.

ಇತಿಹಾಸದ ಚಾನೆಲ್ಲಿಗೆ ಇದೆಂಥಾ ಪ್ರಶ್ನೆ ಅಂತ ನಗಬೇಡಿ. ಇರೋದನ್ನ ತಿದ್ದೋದಾ, ಹೊಸದಾಗಿ ಶುರು ಮಾಡೋದಾ ಅನ್ನೋದು ಕಟ್ಟೋರಿಗೆಲ್ಲಾ ಎದುರಾಗಿರೋ ಪ್ರಶ್ನೆ. ಅದಕ್ಕೆ ಎರಡು ಬೇರೆ ಬೇರೆ ಉತ್ತರಗಳನ್ನ ಅಕ್ಕಪಕ್ಕದಲ್ಲೇ ನೋಡಬೇಕು ಅಂದ್ರೆ ಈ ಗೆಳೆಯರು ಪುಣೆಯಿಂದ ಒಂದು ವೀಕೆಂಡ್ ಹೊರಟರೆ ಸಾಕು. ಛತ್ರಪತಿ ಸಂಭಾಜಿನಗರದ ಹತ್ತಿರ ಇರೋ ವೇರೂಳ್, ಅಂದ್ರೆ ನಾವು ಎಲ್ಲೋರ ಅನ್ನೋ ಊರು. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅಂತ ಕವಿರಾಜಮಾರ್ಗ ಹೇಳುತ್ತಲ್ಲ, ಆ ಗೋದಾವರಿಯನ್ನೂ ದಾಟಿ ಸ್ವಲ್ಪ ಉತ್ತರಕ್ಕೆ.

ಅಲ್ಲಿ 15ನೇ ಗುಹೆಯನ್ನ ದಶಾವತಾರ ಗುಹೆ ಅಂತಾರೆ. ಜನ ಪಕ್ಕದ ಕೈಲಾಸದ ಸೆಲ್ಫಿ ಗಡಿಬಿಡಿಯಲ್ಲಿ ಇದನ್ನ ಬಿಟ್ಟೇ ಹೋಗ್ತಾರೆ. ಎರಡು ಅಂತಸ್ತು, ಮುಂದೆ ಅಂಗಳ, ಅಂಗಳದ ನಡುವೆ ಒಂದು ಮಂಟಪ. ಆ ಮಂಟಪದ ಗೋಡೆ ಮೇಲೆ ರಾಷ್ಟ್ರಕೂಟ ದಂತಿದುರ್ಗನ ಶಾಸನ ಇದೆ. ಬಾದಾಮಿ ಚಾಲುಕ್ಯರನ್ನ ಕೆಳಗಿಳಿಸಿ ರಾಜ್ಯ ಕಟ್ಟಿದವನು ಇವನೇ. ಈ ಗುಹೆ ಬೌದ್ಧ ವಿಹಾರವಾಗಿ ಶುರುವಾಗಿತ್ತು, ಆಮೇಲೆ ಶೈವ-ವೈಷ್ಣವ ಶಿಲ್ಪಗಳ ಗುಡಿಯಾಯ್ತು ಅನ್ನೋದು ಹಲವು ವಿದ್ವಾಂಸರ ಮಾತು. ಒಳಗೆ ನಿಂತು ನೋಡಿದರೆ ಯಾಕೆ ಹಾಗನ್ನುತ್ತಾರೆ ಅಂತ ಗೊತ್ತಾಗುತ್ತೆ. ಆ ಉದ್ದನೆಯ ಸರಳ ಸಭಾಂಗಣ, ಸಾಲು ಕಂಬ, ಎಲ್ಲಾ ಹತ್ತಿರದ 11, 12ನೇ ಬೌದ್ಧ ಗುಹೆಗಳ ಅಣ್ಣತಮ್ಮಂದಿರು. ಕೆತ್ತಿ ತೆಗೆದ ಕಲ್ಲನ್ನ ವಾಪಸ್ ಇಡೋಕಾಗಲ್ಲ. ಚಾವಣಿ ಎಷ್ಟೆತ್ತರ, ಕಂಬ ಎಲ್ಲೆಲ್ಲಿ ಅನ್ನೋದು ಮೊದಲಿನವರು ಉಳಿ ಇಟ್ಟಾಗಲೇ ತೀರ್ಮಾನ ಆಗಿಹೋಗಿತ್ತು. ಆಮೇಲೆ ಬಂದವರಿಗೆ ಉಳಿದದ್ದು ಗೋಡೆ ಮಾತ್ರ. ಆ ಗೋಡೆಯಲ್ಲಿ ಅವರು ನರಸಿಂಹನನ್ನ ಎಂಥಾ ವೇಗದಲ್ಲಿ ನಿಲ್ಲಿಸಿದ್ದಾರೆ ಅಂತ ಹೋಗಿ ನೋಡಿ.

ದಂತಿದುರ್ಗನ ನಂತರ ಪಟ್ಟಕ್ಕೆ ಬಂದವನು ಅವನ ಚಿಕ್ಕಪ್ಪ ಒಂದನೇ ಕೃಷ್ಣ. ಅವನ ಹೆಸರಿಗೆ ಸೇರಿರೋ 16ನೇ ಗುಹೆ, ಕೈಲಾಸ, ಹಳೇ ಗುಹೆ ಯಾವುದನ್ನೂ ಮುಟ್ಟಲಿಲ್ಲ. ಖಾಲಿ ಗುಡ್ಡದ ನೆತ್ತಿಯಿಂದ ಕೆಳಕ್ಕೆ ಕಡಿದರು, ಹಿಂಬದಿಯಲ್ಲಿ ಸುಮಾರು 30 ಮೀಟರ್ ಆಳ. ಆದರೆ ಎಲ್ಲವೂ ಹೊಸದಾ? ಅಲ್ಲ. ನಂದಿ ಮಂಟಪ, ಸಭಾಮಂಟಪ, ವಿಮಾನ ಇರೋ ನಕ್ಷೆ ಹೆಚ್ಚುಕಡಿಮೆ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯದು. ಅದು ಲೋಕಮಹಾದೇವಿ ಕಟ್ಟಿಸಿದ್ದು, ಅದರ ಹಿಂದೆ ಕಂಚಿಯ ಕೈಲಾಸನಾಥ ಇದೆ. ಅಂದ್ರೆ ನೆಲ ಹೊಸದು, ಕಲ್ಲು ಹೊಸದು, ಕೈಪಳಗಿದ ವಿನ್ಯಾಸ ಮಾತ್ರ ಹಳೇದು. 812ರ ಸುಮಾರಿನ ಬರೋಡಾ ತಾಮ್ರಪಟ ಈ ಗುಡಿಯನ್ನ ಹೊಗಳುವಾಗ, ಕಟ್ಟಿದ ಶಿಲ್ಪಿಯೇ ಇದನ್ನ ನಾನು ಹೇಗೆ ಮಾಡಿದೆ ಅಂತ ಬೆರಗಾದ ಅನ್ನುತ್ತೆ. ಕೆಲಸ ಒಬ್ಬ ರಾಜನ ಕಾಲಕ್ಕೇ ಮುಗೀಲಿಲ್ಲ ಅನ್ನೋರೂ ಇದ್ದಾರೆ. ಬದಿ ಗೋಡೆಯ ಲಂಕೇಶ್ವರದಂಥವು ಆಮೇಲಿನ ಸೇರ್ಪಡೆ. ಸುತ್ತ ಬಂಡೆ ಉಳಿದಿತ್ತು, ಅದಕ್ಕೇ ಸೇರಿಸೋಕಾಯ್ತು.

ಈಗ ಪಿಸಿಗೆ ಬರೋಣ. ಡಬ್ಬಿಯೊಳಗೂ ಒಂದು ಬಂಡೆ ಇದೆ, ಅದು ಮದರ್‌ಬೋರ್ಡು. ಅದರ ಇತಿಹಾಸ ಸ್ವಲ್ಪ ಜಗಳದ್ದು.

1981ರಲ್ಲಿ ಐಬಿಎಂ ತನ್ನ ಪಿಸಿಯಲ್ಲಿ ಐದು ಖಾಲಿ ಸ್ಲಾಟ್ ಕೊಟ್ಟಿತು, ಅದರ ವಿವರವನ್ನೂ ಪುಸ್ತಕದಲ್ಲಿ ಅಚ್ಚು ಹಾಕಿತು. ಯಾರು ಬೇಕಾದರೂ ಕಾರ್ಡ್ ಮಾಡಿ ಮಾರಬಹುದಿತ್ತು. ಎಸ್‌ಪಿ ರೋಡು, ಲ್ಯಾಮಿಂಗ್ಟನ್ ರೋಡು, ನೆಹರೂ ಪ್ಲೇಸು ಇವೆಲ್ಲಾ ಬದುಕಿದ್ದೇ ಆ ಖಾಲಿ ಸ್ಲಾಟಿನ ಮೇಲೆ. 1987ರಲ್ಲಿ ಅದೇ ಐಬಿಎಂ ಬಾಗಿಲು ಹಾಕೋಕೆ ನೋಡ್ತು, ಲೈಸೆನ್ಸ್ ಬೇಕಾಗೋ ಮೈಕ್ರೋ ಚಾನೆಲ್ ತಂತು. ಉಳಿದ ಕಂಪನಿಗಳು ಒಂದಾಗಿ ಬೇರೆ ದಾರಿ ಮಾಡಿಕೊಂಡವು. 1996ರಲ್ಲಿ 3ಡಿಎಫ್ಎಕ್ಸ್ ವೂಡೂ ಕಾರ್ಡ್ ಬಂದಾಗ, ಇರೋ ಡಿಸ್ಪ್ಲೇ ಕಾರ್ಡನ್ನ ಹಾಗೇ ಬಿಟ್ಟು ಪಕ್ಕದಲ್ಲಿ ಇದನ್ನ ಸಿಕ್ಕಿಸಿ, ಹೊರಗಿಂದ ಒಂದು ಕೇಬಲ್ಲಲ್ಲಿ ಎರಡನ್ನೂ ಜೋಡಿಸಿದರೆ ಮುಗೀತು. ಗೇಮಿಂಗ್ ಪಿಸಿ ಅನ್ನೋ ಸಂಸ್ಕೃತಿಗೆ ಬಲ ಬಂದದ್ದು ಇಲ್ಲಿಂದ ಅಂತ ನನಗನ್ನಿಸುತ್ತೆ.

ನಮ್ಮ ಗೆಳೆಯರ ಕಥೆ ಇರೋದು ಮಾತ್ರ 2017ರಲ್ಲಿ. ಆ ವರ್ಷ ಎರಡು ಘಟನೆ ಆದವು. ಮಾರ್ಚಲ್ಲಿ ಎಎಂಡಿಯವರ ರೈಜೆನ್ ಬಂತು, ಎಎಂ4 ಸಾಕೆಟ್ಟಿನ ಮೇಲೆ. ಅಕ್ಟೋಬರಲ್ಲಿ ಇಂಟೆಲ್ ಎಂಟನೇ ತಲೆಮಾರಿನ ಚಿಪ್ ತಂತು. ಸಾಕೆಟ್ಟಿನ ಹೆಸರು ಅದೇ ಎಲ್‌ಜಿಎ 1151, ಆಕಾರ ಅದೇ, ಆದರೆ ಹಳೇ 100, 200 ಸರಣಿಯ ಬೋರ್ಡಲ್ಲಿ ಓಡಲ್ಲ ಅಂತು. ಪವರ್ ಪಿನ್ನುಗಳು ಬದಲಾಗಿವೆ ಅನ್ನೋ ಕಾರಣ ಕೊಟ್ಟರು. ಹವ್ಯಾಸಿಗಳು ಬಯಾಸ್ ತಿದ್ದಿ ಹಳೇ ಬೋರ್ಡಲ್ಲೇ ಓಡಿಸಿ ತೋರಿಸಿದರು, ಅದು ಬೇರೆ ಮಾತು. ಎಎಂಡಿಯವರೂ ಸತ್ಯಹರಿಶ್ಚಂದ್ರರೇನಲ್ಲ. 2020ರಲ್ಲಿ ರೈಜೆನ್ 5000 ಸರಣಿ ಹಳೇ ಬೋರ್ಡಿಗೆ ಸಿಗಲ್ಲ ಅಂದವರು, ಕೊಂಡವರು ಗಲಾಟೆ ಮಾಡಿದ ಮೇಲೆ 400 ಸರಣಿಗೆ ಒಪ್ಪಿದರು. 300 ಸರಣಿಗೆ ಒಪ್ಪಿದ್ದು 2022ರಲ್ಲಿ. ಒಟ್ಟಿನಲ್ಲಿ, ಒಂದೇ ವರ್ಷ ಕೊಂಡ ಇಬ್ಬರಲ್ಲಿ ಒಬ್ಬರಿಗೆ ಐದು ವರ್ಷದ ಅಪ್‌ಗ್ರೇಡ್ ದಾರಿ ಸಿಕ್ತು, ಇನ್ನೊಬ್ಬರ ದಾರಿ ಅದೇ ವರ್ಷ ಮುಚ್ಚಿತು. ಚಿಪ್ಪು ಎಷ್ಟು ವೇಗ ಅನ್ನೋದಕ್ಕಿಂತ ಅದು ಕೂತಿದ್ದ ಸಾಕೆಟ್ಟು ಇದನ್ನ ತೀರ್ಮಾನ ಮಾಡ್ತು.

ಹಾಗಾಗಿ ಗೆಳೆಯರಿಗೆ ನನ್ನ ಉತ್ತರ. ನಿಮ್ಮ ಬಿ250ರ ಮೇಲೆ ಏರಬಹುದಾದ ಕೊನೆ ಮೆಟ್ಟಿಲು ಐ7-7700ಕೆ. ನಾಲ್ಕೇ ಕೋರು, ಎಂಟು ಥ್ರೆಡ್ಡು. ಸೆಕೆಂಡ್ ಹ್ಯಾಂಡ್ ಸಿಕ್ಕರೂ ದುಡ್ಡು ಹಾಕಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು, ಸಾಮಾನ್ಯ ಬಳಕೆದಾರರಿಗೆ ಸಿಕ್ಕ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಒಂದು ವರ್ಷದ್ದು. ವಿಂಡೋಸ್ 11ರ ಪಟ್ಟಿಯಲ್ಲಿ ಈ ಎರಡೂ ಚಿಪ್ ಇಲ್ಲ. ಬ್ಯಾಟಲ್‌ಫೀಲ್ಡ್ 6ರಂಥ ಆಟ ಸೆಕ್ಯೂರ್ ಬೂಟ್ ಇಲ್ಲದೆ ತೆರೆಯೋದೇ ಇಲ್ಲ. ಅಂದ್ರೆ ಈ ಗುಹೆಯ ಚಾವಣಿ ಇಷ್ಟೇ ಎತ್ತರ.

ಆದರೆ ಪೂರ್ತಿ ಹೊಸದು ಅಂತ ಎಲ್ಲಾ ಗುಜರಿಗೆ ಹಾಕೋದೂ ಬೇಡ. ನಿಮ್ಮ ಹತ್ತಿರ ಇರೋ ಡಿಡಿಆರ್4 ರ‍್ಯಾಮ್ ಈಗ ಸಣ್ಣ ಆಸ್ತಿ. 2025ರ ಕೊನೆಗೆ ಎಐ ಸರ್ವರುಗಳ ಹಸಿವಿಗೆ ರ‍್ಯಾಮ್ ಬೆಲೆ ಹಾರಿತು. ಮೈಕ್ರಾನ್ ಅಂತೂ ನಮ್ಮಂಥವರಿಗೆ ಮಾರ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ಬಿಡ್ತೀವಿ ಅಂತ ಡಿಸೆಂಬರಲ್ಲಿ ಹೇಳಿಬಿಡ್ತು. ಹೊಸ ಎಎಂ5 ಬೋರ್ಡಿಗೆ ಹೋದರೆ ಡಿಡಿಆರ್5 ಬೇಕೇ ಬೇಕು. ಅದರ ಬದಲು ಒಂದು ಬಿ550 ಬೋರ್ಡು, ರೈಜೆನ್ 5 5600, ಇದ್ದ ರ‍್ಯಾಮ್ ಜೊತೆಗೆ ಇನ್ನೊಂದು 8 ಜಿಬಿ. ಇಂಟೆಲ್ಲೇ ಬೇಕು ಅಂದ್ರೆ ಡಿಡಿಆರ್4 ತಗೊಳ್ಳೋ 12ನೇ ತಲೆಮಾರಿನ ಬೋರ್ಡುಗಳೂ ಇವೆ. ಕ್ಯಾಬಿನೆಟ್ಟು, ಎಸ್‌ಎಸ್‌ಡಿ, ಮಾನಿಟರು ಹಾಗೇ ಬರ್ತವೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಆಗಿದ್ದರೆ ಅದನ್ನ ಮಾತ್ರ ದಯವಿಟ್ಟು ಮೊದಲು ಬದಲಿಸಿ.

ಗ್ರಾಫಿಕ್ಸ್ ಕಾರ್ಡು ಕೊನೆಗೆ. 1060ಕ್ಕೆ ಹೊಸ ಆಟಗಳ ಡ್ರೈವರ್ 2025ರ ಅಕ್ಟೋಬರಿಗೆ ನಿಂತಿದೆ, ಭದ್ರತಾ ಅಪ್‌ಡೇಟು 2028ರವರೆಗೆ ಬರುತ್ತೆ. ಈ ವರ್ಷ ಬೋರ್ಡು, ಮುಂದಿನ ಬೋನಸ್ಸಿಗೆ ಕಾರ್ಡು ಅಂತ ಇಟ್ಟುಕೊಳ್ಳಿ. ಒಂದು ವೇಳೆ ಕಾರ್ಡೇ ಮೊದಲು ಬೇಕು ಅಂದ್ರೆ ಒಂದು ಎಚ್ಚರಿಕೆ: ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹೊಸ ಕಾರ್ಡ್ ಕೂರುತ್ತೆ ನಿಜ, ಆದರೆ ಆರ್‌ಎಕ್ಸ್ 6500 ಎಕ್ಸ್‌ಟಿಯಂಥವು ನಾಲ್ಕೇ ಲೇನ್ ಬಳಸ್ತವೆ. ನಿಮ್ಮ ಹಳೇ 3.0 ಬೋರ್ಡಲ್ಲಿ ಅದು ಏದುಸಿರು ಬಿಡುತ್ತೆ.

ಎಲ್ಲಾ ಒಟ್ಟಿಗೆ ಮಾಡೋಣ ಅಂತ ಇಎಂಐಗೆ ಕೈ ಹಾಕೋ ಮೊದಲು, ಅದೇ ಗುಡ್ಡದ ಉತ್ತರದ ತುದಿಗೆ ನಡೀರಿ. 30ನೇ ಗುಹೆ, ಛೋಟಾ ಕೈಲಾಸ. ಜೈನರು ದೊಡ್ಡ ಕೈಲಾಸದ ಮಾದರಿಯಲ್ಲೇ ಚಿಕ್ಕದಾಗಿ ಶುರು ಮಾಡಿದ್ದು, ಪೂರ್ತಿ ಆಗಲೇ ಇಲ್ಲ. ಆ ಕಡೆ ಜನ ಕಮ್ಮಿ, ಬಿಸಿಲು ಜಾಸ್ತಿ, ನೀರು ಒಯ್ಯಿರಿ. ಮಂಗಳವಾರ ಮಾತ್ರ ಹೋಗಬೇಡಿ, ವೇರೂಳಿಗೆ ಅವತ್ತು ರಜೆ.