ಕರ್ಕಿಯ ಮೇಳ, ಸಾಂಗಲಿಯ ರಂಗ



ಕೆಲವು ವರ್ಷಗಳ ಹಿಂದೆ ಕಾಗವಾಡದಲ್ಲಿ ಸಂಚಾರಿ ಮೇಳವೊಂದರ ಯಕ್ಷಗಾನವನ್ನು ಮುದ್ರಿಸಿಕೊಳ್ಳಲು ಹೋಗಿದ್ದೆ. ಬಡಗುತಿಟ್ಟಿನ ಆಟ. ಚಂಡೆಯ ಮೊದಲ ಪೆಟ್ಟಿಗೇ ನಮ್ಮ ಯಂತ್ರದ ಮಾಪಕದ ಮುಳ್ಳು ಕೆಂಪು ಗೆರೆ ದಾಟಿತು. ಮೈಕನ್ನು ಹಿಂದಕ್ಕೆ ಒಯ್ದರೆ ಭಾಗವತರ ಪದ ಕೇಳಿಸದು. ನಮ್ಮ ಪೇಚಾಟ ನೋಡುತ್ತಿದ್ದ, ಮಿರಜದ ಕಡೆಯ ಹಿರಿಯರೊಬ್ಬರು "ಇದು ಕಡಲ ಸೀಮೆಯ ಆಟ, ನಮ್ಮ ಕಡೆಗೆ ಹೊಸದು" ಎಂದರು. ಹೊಸದಲ್ಲ ಎಂದು ಹೇಳಬೇಕೆನಿಸಿತು. ಆಟದ ನಡುವೆ ಮಾತು ಬೆಳೆಸಲಿಲ್ಲ. ಅಂದು ಉಳಿದ ಮಾತನ್ನು ಇಲ್ಲಿ ಬರೆಯುತ್ತೇನೆ.

ಇಂದು ಗಡಿಯಾಚೆಗಿರುವ ಸಾಂಗಲಿ ಕಾಗವಾಡಕ್ಕೆ ದೂರವೇನಲ್ಲ. 1842ರಲ್ಲಿ ಉತ್ತರ ಕನ್ನಡದ ಹೊನ್ನಾವರದ ಬಳಿಯ ಕರ್ಕಿಯಿಂದ ಭಾಗವತ ಮೇಳವೊಂದು ಅಲ್ಲಿಗೆ ಬಂತು. ಭಾರತದಲ್ಲಿ ಮೊದಲ ಪ್ರಯಾಣಿಕರ ರೈಲು ಓಡಲು ಇನ್ನೂ 11 ವರ್ಷ ಬಾಕಿಯಿತ್ತು. ಘಟ್ಟ ಹತ್ತಿ, ಹೊಳೆಗಳನ್ನು ದಾಟಿ, ವೇಷಭೂಷಣ, ವಾದ್ಯಗಳೊಂದಿಗೆ 300 ಕಿಲೋಮೀಟರಿಗೂ ಹೆಚ್ಚಿನ ದಾರಿ! ಸಾಂಗಲಿಯ ದೊರೆ ಚಿಂತಾಮಣರಾವ್ ಪಟವರ್ಧನರು ಆಟ ನೋಡಿದರು. ಕತೆಯನ್ನು ಹಾಡಿ, ಕುಣಿದು, ಮಾತಾಡಿ ತೋರಿಸುವ ಬಗೆ ಅವರನ್ನು ಹಿಡಿಯಿತು. ಇದನ್ನೇ ತಿದ್ದಿ ಮರಾಠಿಯಲ್ಲಿ ಮಾಡಬಾರದೇಕೆ ಎಂದು ತಮ್ಮ ಆಶ್ರಿತ ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. ಫಲವಾಗಿ 1843ರಲ್ಲಿ 'ಸೀತಾ ಸ್ವಯಂವರ' ರಂಗವೇರಿತು. ಮಹಾರಾಷ್ಟ್ರದಲ್ಲಿ ನವೆಂಬರ್ 5ನ್ನು ಮರಾಠಿ ರಂಗಭೂಮಿ ದಿನವೆಂದು ಆಚರಿಸುವುದು ಈ ಪ್ರದರ್ಶನದ ನೆನಪಿಗೇ.

ಭಾವೆಯವರ ಆಟದಲ್ಲಿ ಮೊದಲು ಗಣಪತಿ, ಸರಸ್ವತಿಯರ ಪ್ರವೇಶ, ಪದಗಳನ್ನು ಹಾಡುವವನು ಸೂತ್ರಧಾರ, ಪಾತ್ರಧಾರಿಗಳದು ಆಶು ಮಾತು, ರಾಕ್ಷಸರದು ಅಬ್ಬರ. ಯಕ್ಷಗಾನ ಕಂಡವರಿಗೆ ಇದು ಯಾವ ಮನೆಯ ಮಗು ಎಂದು ವಿವರಿಸಬೇಕಾಗಿಲ್ಲ. ಆದರೂ ದೊರೆಯ ಹೆಸರು ಉಳಿಯಿತು, ನಾಟಕಕಾರನ ಹೆಸರು ಉಳಿಯಿತು. ಆ ರಾತ್ರಿ ಮದ್ದಳೆ ನುಡಿಸಿದವನು ಯಾರೆಂದು ಕೇಳುವವರಿಲ್ಲ. ನನಗೆ ಇದು ಸರಿಯೆನಿಸುವುದಿಲ್ಲ.

ವಿಜ್ಞಾನ ಓದಿದವನಾದ್ದರಿಂದ ಆ ಮದ್ದಳೆಯ ಬಗ್ಗೆ ಒಂದು ಮಾತು. ಬರಿಯ ಚರ್ಮದ ಪೊರೆಯನ್ನು ಬಡಿದರೆ ಹುಟ್ಟುವ ಉಪಸ್ವರಗಳು ಮೂಲಸ್ವರದ 1.59, 2.14, 2.30 ಪಟ್ಟು, ಹೀಗೆ ಹೊಂದಾಣಿಕೆಯಿಲ್ಲದವು. ಅದಕ್ಕೇ ಅಂಥ ವಾದ್ಯದಲ್ಲಿ ಸದ್ದು ಹೆಚ್ಚು, ಶ್ರುತಿ ಕಡಿಮೆ. ನಡುವೆ ಕಪ್ಪು ಕರಣೆ ಹಾಕಿದಾಗ ಅಲ್ಲಿ ತೂಕ ಕೂಡಿ ಈ ಪ್ರಮಾಣಗಳು ಪೂರ್ಣ ಸಂಖ್ಯೆಗಳ ಸಮೀಪ ಬರುತ್ತವೆ. ನಾದ ಶ್ರುತಿಗೆ ಕೂಡುತ್ತದೆ. ಮೃದಂಗ, ತಬಲಾಗಳಲ್ಲಿ ಇದನ್ನು ಸಿ. ವಿ. ರಾಮನ್ 1920ರಲ್ಲಿ ಶಿವಕಾಳಿ ಕುಮಾರ್ ಅವರೊಡನೆ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು, 1934ರಲ್ಲಿ ವಿಸ್ತರಿಸಿದರು. ಅಕ್ಷರ ಬಾರದ ಕುಶಲಕರ್ಮಿಗಳು ಬೆರಳ ತುದಿಯಲ್ಲಿ ಅದನ್ನು ಎಷ್ಟೋ ಮೊದಲೇ ಸಾಧಿಸಿದ್ದರು.

ಮುಂದಿನ ಕತೆ ಇನ್ನೂ ಸ್ವಾರಸ್ಯ. 'ಸೀತಾ ಸ್ವಯಂವರ' ನಡೆದ 1843ರಲ್ಲೇ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದರು. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿದರು. ಅಷ್ಟರಲ್ಲಿ ಮರಾಠಿ ಮಂಡಳಿಗಳು ನಮ್ಮ ಊರುಗಳಿಗೆ ಬರತೊಡಗಿದ್ದವು. ಕನ್ನಡಿಗರು ದುಡ್ಡು ಕೊಟ್ಟು ಪರಭಾಷೆಯ ನಾಟಕ ನೋಡುವುದನ್ನು ಕಂಡು ನೊಂದ ಶಾಂತಕವಿಗಳು ಗದಗದಲ್ಲಿ ಕನ್ನಡ ನಾಟಕಗಳನ್ನು ಬರೆದು ಆಡಿಸಿದರು. ಕೊಟ್ಟ ಸಾಲ ಹೀಗೆ ಬಡ್ಡಿಸಹಿತ ಹಿಂದಿರುಗಿತು ಎನ್ನೋಣವೇ?

ಬೆಳಗಿನ ಜಾವ ಕಾಗವಾಡದ ಆಟ ಮುಗಿದಾಗ ಆ ಹಿರಿಯರು ಹೊರಟುಹೋಗಿದ್ದರು. ಚಂಡೆಯ ಸದ್ದಿಗೆ ಒಡೆದ ಮೊದಲ ಹತ್ತು ನಿಮಿಷದ ಮುದ್ರಿಕೆ ನಮ್ಮ ಕೆಲಸಕ್ಕೆ ಬರಲಿಲ್ಲ. ಮಿಕ್ಕದ್ದು ಇದೆ. ಪೆಟ್ಟಿಗೆಯ ಚೀಟಿಯ ಮೇಲೆ ಪ್ರಸಂಗದ ಹೆಸರಿನ ಕೆಳಗೆ ಮದ್ದಳೆಗಾರರ ಹೆಸರನ್ನೂ ಕೇಳಿ ಬರೆದುಕೊಂಡೆ.