ಕಳಚಿಟ್ಟ ಮುಚ್ಚಳ: ಅನಿಲ ಬಾವಿಗಳ ಸುರಕ್ಷತೆಯ ನೂರು ವರ್ಷ

ನಮ್ಮ ಕಡೆ ಬೋರ್‌ವೆಲ್ ಕೊರೆಯುವಾಗ ನೀರು ಚಿಮ್ಮಿ ಬಂದರೆ ಈಡುಗಾಯಿ ಒಡೆಯುತ್ತಾರೆ. ಅನಿಲದ ಬಾವಿ ಕೊರೆಯುವವರಿಗೆ ಒಳಗಿನದು ತಾನಾಗಿ ಚಿಮ್ಮಿತೆಂದರೆ ಎದೆ ಧಸಕ್ಕೆನ್ನುತ್ತದೆ. ಮೂರು ನಾಲ್ಕು ಕಿಲೋಮೀಟರ್ ಆಳದ ಅನಿಲವನ್ನು ಅಲ್ಲೇ ಅದುಮಿ ಹಿಡಿಯುವುದು ಬರೀ ಕೆಸರು. ಜೇಡಿಮಣ್ಣಿಗೆ ತೂಕ ಬರಲೆಂದು ಬೆರೈಟ್ ಪುಡಿ ಕಲಸಿದ ಈ ರಾಡಿಗೆ ಅಲ್ಲಿ 'ಮಡ್' ಎಂದೇ ಹೆಸರು. ಅದರ ಭಾರ ಕೆಳಗಿನ ಒತ್ತಡಕ್ಕಿಂತ ಕಡಿಮೆಯಾಯಿತೋ, ಅನಿಲ ಬಾವಿಯೊಳಕ್ಕೆ ನುಗ್ಗುತ್ತದೆ. ಅದು 'ಕಿಕ್'. ಕಿಕ್ಕನ್ನು ಹೊತ್ತಿಗೆ ಸರಿಯಾಗಿ ಗುರುತಿಸದೆ ಹೋದರೆ ಒಳಗಿನದು ಹತೋಟಿ ಮೀರಿ ಮೇಲಕ್ಕೆ ಚಿಮ್ಮುತ್ತದೆ. ಅದು 'ಬ್ಲೋಔಟ್'.

ಒಂದು ಕಾಲಕ್ಕೆ ಬ್ಲೋಔಟ್ ಎಂದರೆ ಜಾತ್ರೆ. 1901ರ ಜನವರಿಯಲ್ಲಿ ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್‌ನಲ್ಲಿ ಎಣ್ಣೆ ಒಂಬತ್ತು ದಿನ ಆಕಾಶಕ್ಕೆ ಹಾರಿತು. ಜನ ನೋಡಲು ಮುಗಿಬಿದ್ದರು. ಅದನ್ನು ಅಪಘಾತವೆಂದು ಕರೆಯಬೇಕೆನ್ನುವುದು ಆಮೇಲೆ ಬಂದ ಬುದ್ಧಿ. 1922ರಲ್ಲಿ ಜೇಮ್ಸ್ ಅಬರ್‌ಕ್ರಾಂಬಿ ಮತ್ತು ಹ್ಯಾರಿ ಕ್ಯಾಮರಾನ್ ಬಾವಿಯ ಬಾಯಿಗೆ ಕೂರಿಸುವ ಭಾರಿ ಕವಾಟವೊಂದನ್ನು ಮಾಡಿದರು. ಎರಡು ಬದಿಯಿಂದ ಉಕ್ಕಿನ ದಿಮ್ಮಿಗಳು ಬಂದು ಕೊಳವೆಯನ್ನು ಅಪ್ಪಿ ಹಿಡಿದು ಬಾಯಿ ಮುಚ್ಚುವ ಏರ್ಪಾಡು. ಬ್ಲೋಔಟ್ ಪ್ರಿವೆಂಟರ್, ಕೆಲಸಗಾರರ ಬಾಯಲ್ಲಿ ಬಿಓಪಿ. ಮಡ್ಡು ಮೊದಲ ತಡೆ, ಬಿಓಪಿ ಎರಡನೆಯದು. ಇವತ್ತಿಗೂ ಇಡೀ ವಿದ್ಯೆ ನಿಂತಿರುವುದು ಈ ಎರಡರ ಮೇಲೆಯೇ.

ಆದರೂ ಮುಂದಿನ ನಲವತ್ತು ವರ್ಷ ಹೆಸರು ಮಾಡಿದವರು ಬೆಂಕಿ ಆರಿಸುವವರು. ಅಲ್ಜೀರಿಯಾದ ಗಾಸಿ ತೂಯಿಲ್‌ನಲ್ಲಿ 1961ರ ನವೆಂಬರ್‌ನಲ್ಲಿ ಹೊತ್ತಿದ ಅನಿಲ ಬಾವಿಯ ಜ್ವಾಲೆಯನ್ನು ಬಾಹ್ಯಾಕಾಶದಿಂದ ಗಗನಯಾತ್ರಿ ಜಾನ್ ಗ್ಲೆನ್ ಕಂಡರಂತೆ. ಮರುವರ್ಷ ಏಪ್ರಿಲ್‌ನಲ್ಲಿ ರೆಡ್ ಅಡೇರ್ ಅದನ್ನು ಸ್ಫೋಟಕ ಸಿಡಿಸಿ ಆರಿಸಿದರು. ಅವರ ಬದುಕನ್ನು ಆಧರಿಸಿ ಹಾಲಿವುಡ್ ಸಿನಿಮಾ ಕೂಡ ಬಂತು. ಉಜ್ಬೇಕಿಸ್ತಾನದ ಉರ್ತಾಬುಲಾಕ್‌ನಲ್ಲಿ ಮೂರು ವರ್ಷ ಉರಿದ ಬಾವಿಗೆ ಸೋವಿಯತ್ ಒಕ್ಕೂಟ 1966ರಲ್ಲಿ ನೆಲದಡಿ 30 ಕಿಲೋಟನ್ ಅಣುಬಾಂಬನ್ನೇ ಸಿಡಿಸಿತು. ಬೆಂಕಿ ಆರಿತು. ಅದು ಹತ್ತಿದ್ದಾದರೂ ಯಾಕೆ ಎಂಬ ಪ್ರಶ್ನೆಗೆ ಆ ಕಾಲದ ಕಥೆಗಳಲ್ಲಿ ಜಾಗ ಕಡಿಮೆ.

ಆ ಪ್ರಶ್ನೆ ಗಟ್ಟಿಯಾಗಿ ಕೇಳಿದ್ದು ಸಮುದ್ರದ ಮೇಲೆ. ಉತ್ತರ ಸಮುದ್ರದಲ್ಲಿ ಬ್ರಿಟನ್ನಿಗೆ ಮೊದಲ ಅನಿಲ ಹುಡುಕಿಕೊಟ್ಟ 'ಸೀ ಜೆಮ್' ರಿಗ್ 1965ರ ಡಿಸೆಂಬರ್ 27ರಂದು ಕಾಲು ಮುರಿದು ಮುಳುಗಿತು. 13 ಜನ ಸತ್ತರು. ಸಮುದ್ರದ ಮೇಲಿನ ಇಂಥ ಕೆಲಸದ ಸುರಕ್ಷತೆಗೆ ಕಾಯಿದೆ ಬಂದದ್ದು 1971ರಲ್ಲಿ. ಅದೂ ಸಾಲಲಿಲ್ಲ. 1988ರ ಜುಲೈ 6ರ ರಾತ್ರಿ ಅದೇ ಸಮುದ್ರದ ಪೈಪರ್ ಆಲ್ಫಾ ವೇದಿಕೆಯಲ್ಲಿ ಒಂದು ಪಂಪು ನಿಂತಿತು. ಪಾಳಿಯವರು ಇನ್ನೊಂದನ್ನು ಚಾಲೂ ಮಾಡಿದರು. ಅದರ ಸುರಕ್ಷತಾ ಕವಾಟವನ್ನು ಹಗಲಲ್ಲಿ ರಿಪೇರಿಗೆಂದು ಬಿಚ್ಚಿದ್ದರು. ಆ ವಿಷಯ ರಾತ್ರಿಯವರಿಗೆ ಮುಟ್ಟಿರಲಿಲ್ಲ. ಅನಿಲ ಸೋರಿ ಸಿಡಿಯಿತು. 167 ಜನ ಸತ್ತರು. ಲಾರ್ಡ್ ಕಲೆನ್ ವಿಚಾರಣೆ 106 ಶಿಫಾರಸು ಕೊಟ್ಟಿತು. ಸರ್ಕಾರ ನಿಯಮದ ಪಟ್ಟಿ ಹಿಡಿದು ಟಿಕ್ ಹಾಕುತ್ತ ಹೋಗುವುದಲ್ಲ, ತನ್ನ ಜಾಗದ ಅಪಾಯಗಳೇನು, ಅವಕ್ಕೆ ತಾನು ಮಾಡಿಕೊಂಡ ವ್ಯವಸ್ಥೆ ಏನು ಎಂದು ಕಂಪನಿಯೇ ಸಾಧಿಸಿ ತೋರಿಸಬೇಕು ಎಂಬುದು ಅದರ ತಿರುಳು. ನೋಟ ಕಬ್ಬಿಣದಿಂದ ಕಾಗದಕ್ಕೆ, ಪಾಳಿ ಬದಲಾಗುವಾಗಿನ ಮಾತಿಗೆ ತಿರುಗಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ತಿರುವು ಅದೇ.

ನೆಲದ ಮೇಲೆ ಆ ತಿಳಿವು ಅಷ್ಟು ಸುಲಭವಾಗಿ ಇಳಿಯಲಿಲ್ಲ. 2003ರ ಡಿಸೆಂಬರ್ 23ರ ರಾತ್ರಿ ಚೀನಾದ ಚೋಂಗ್‌ಚಿಂಗ್ ಬಳಿಯ ಗಾವ್‌ಚಿಯಾವ್‌ನಲ್ಲಿ ಬಾವಿಯಿಂದ ಕೊಳವೆ ಮೇಲೆಳೆಯುತ್ತಿದ್ದರು. ಕೊಳವೆ ಹೊರಬಂದಷ್ಟೂ ಮಡ್ಡಿನ ಮಟ್ಟ ಇಳಿಯುತ್ತದೆ, ಮತ್ತೆ ತುಂಬುತ್ತಲೇ ಇರಬೇಕು. ತುಂಬಿದ್ದು ಸಾಲಲಿಲ್ಲ. ಕೊಳವೆಯೊಳಗಿಂದ ಅನಿಲ ಹಿಮ್ಮುಖವಾಗಿ ಬರದಂತೆ ತಡೆಯುವ ಕವಾಟವನ್ನು ಮೊದಲೇ ತೆಗೆದಿದ್ದರು. ಹೊರಬಿದ್ದದ್ದು ಹೈಡ್ರೋಜನ್ ಸಲ್ಫೈಡ್ ತುಂಬಿದ ಅನಿಲ. ಅಲ್ಪಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಉಸಿರು ನಿಲ್ಲುತ್ತದೆ. 243 ಜನ ಸತ್ತರು, ಬಹುಪಾಲು ಸುತ್ತಲಿನ ಹಳ್ಳಿಗರು. ಇಲ್ಲೊಂದು ವಿಚಿತ್ರವಿದೆ: ಇಂಥ ಬಾವಿಗೆ ಬೇಗ ಬೆಂಕಿ ಹಚ್ಚುವುದೇ ಸುರಕ್ಷೆ. ಉರಿದಾಗ ಹೈಡ್ರೋಜನ್ ಸಲ್ಫೈಡ್ ಹೋಗಿ ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಅದೂ ವಿಷವೇ, ಆದರೆ ಬಿಸಿಗೆ ಮೇಲೇರಿ ಚದುರುತ್ತದೆ. 1982ರಲ್ಲಿ ಕೆನಡಾದ ಲಾಡ್ಜ್‌ಪೋಲ್‌ನಲ್ಲಿ ಇಬ್ಬರು ಇದೇ ಅನಿಲಕ್ಕೆ ಬಲಿಯಾಗಿದ್ದರು. ಆದರೂ ಗಾವ್‌ಚಿಯಾವ್‌ನಲ್ಲಿ ಬೆಂಕಿ ಹಚ್ಚುವ ಹೊತ್ತಿಗೆ ಸುಮಾರು 18 ಗಂಟೆ ಕಳೆದಿತ್ತು.

ಅಮೆರಿಕದ ಶೇಲ್ ಅನಿಲದ ಭರಾಟೆಯಲ್ಲಿ ಬೇರೆಯೇ ಚಿತ್ರ. 2003ರಿಂದ 2013ರವರೆಗೆ ಅಲ್ಲಿ ತೈಲ–ಅನಿಲ ತೆಗೆಯುವ ಕೆಲಸದಲ್ಲಿ 1,189 ಜನ ಸತ್ತರು. ಶೇ 40ರಷ್ಟು ಸಾವುಗಳಿಗೆ ಕಾರಣ ವಾಹನ ಮತ್ತಿತರ ಸಾರಿಗೆ ಅಪಘಾತ. ಟಿವಿಯಲ್ಲಿ ಬರುವ ಜ್ವಾಲೆಗಿಂತ, ಸುದೀರ್ಘ ಪಾಳಿ ಮುಗಿಸಿ ಸ್ಟೀರಿಂಗ್ ಹಿಡಿದವನ ತೂಕಡಿಕೆಗೆ ಹೆಚ್ಚು ಅಂಜಬೇಕೇನೋ. ಶೇಲ್ ಬಂಡೆ ಒಡೆಯುವಾಗ ಬಳಸುವ ಮರಳಿನ ಸಿಲಿಕಾ ದೂಳಿನ ಬಗ್ಗೆ ಅಧಿಕೃತ ಎಚ್ಚರಿಕೆ ಬಂದದ್ದು 2012ರಲ್ಲಿ. 2018ರ ಜನವರಿ 22ರಂದು ಒಕ್ಲಹೋಮಾದ ಕ್ವಿಂಟನ್ ಬಳಿ ಅನಿಲ ಬಾವಿ ಸಿಡಿದು ಡ್ರಿಲ್ಲರ್ ಕ್ಯಾಬಿನ್ನಿನೊಳಗೆ ಐವರು ಸತ್ತರು. ಕಿಕ್ ಬಂದರೆ ಬಡಿದುಕೊಳ್ಳಬೇಕಿದ್ದ ಅಲಾರಂ ವ್ಯವಸ್ಥೆಯೇ ಆಫ್ ಆಗಿತ್ತೆಂದು ತನಿಖೆ ಹೇಳಿತು. ಸುಮ್ಮಸುಮ್ಮನೆ ಕೂಗುವ ಅಲಾರಂನ ಬಾಯಿ ಮುಚ್ಚಿಸುವುದು ಮನುಷ್ಯ ಸಹಜ. ಅದನ್ನು ಮೊದಲೇ ಊಹಿಸಿ ಅಲಾರಂ ರೂಪಿಸುವುದು ವಿನ್ಯಾಸ ಮಾಡಿದವನ ಹೊಣೆ.

ನಮ್ಮಲ್ಲಿ ತೈಲ ಬಾವಿಯೂ ಕಾನೂನಿನ ಕಣ್ಣಿಗೆ ಗಣಿಯೇ. ಕೋಲಾರದ ಚಿನ್ನದ ಗಣಿಗೆ ಅನ್ವಯಿಸುತ್ತಿದ್ದ 1952ರ ಗಣಿ ಕಾಯಿದೆಯೇ ನೆಲದ ಮೇಲಿನ ರಿಗ್‌ಗೂ 2025ರವರೆಗೆ ಅನ್ವಯಿಸುತ್ತಿತ್ತು. ಅದರ ಮೇಲೆ ತೈಲ ಗಣಿ ನಿಯಮಗಳು, 1984ರವು, ಮತ್ತೆ 2017ರವು. ಆಂಧ್ರದ ಕೋನಸೀಮೆಯ ಪಾಸರ್ಲಪೂಡಿಯಲ್ಲಿ 1995ರ ಜನವರಿಯಲ್ಲಿ ಹೊತ್ತಿದ ಬಾವಿ 65 ದಿನ ತೆಂಗಿನ ತೋಟಗಳ ನಡುವೆ ಉರಿದಿತ್ತು. ಕಾಲು ಶತಮಾನ ಕಳೆದ ಮೇಲೆ ಅಸ್ಸಾಮಿನ ಬಾಗ್‌ಜಾನ್.

ಅಲ್ಲಿ ಐದನೇ ನಂಬರಿನ ಬಾವಿ ಹೊಸದೇನಲ್ಲ, ಅನಿಲ ಕೊಡುತ್ತಿದ್ದದ್ದೇ. ರಿಪೇರಿ ನಡೆದಿತ್ತು. ಒಳಗೆ ಸಿಮೆಂಟಿನ ಬಿರಟೆ ಹಾಕಿ, ಅದು ಬಿಗಿಯಾಗಿ ಕೂತಿದೆಯೇ ಎಂದು ಖಾತ್ರಿಯಾಗುವ ಮೊದಲೇ ಮೇಲಿನ ಬಿಓಪಿ ಕಳಚಿದರು. 2020ರ ಮೇ 27ರಂದು ಬ್ಲೋಔಟ್; ಜೂನ್ 9ರಂದು ಬೆಂಕಿ. ಇಬ್ಬರು ಅಗ್ನಿಶಾಮಕ ಸಿಬ್ಬಂದಿಯ ಶವ ಮರುದಿನ ಸಿಕ್ಕವು. ಪಕ್ಕದ ಮಾಗುರಿ–ಮೋತಾಪುಂಗ್ ಬೀಲ್ ಎಂಬ ಜೌಗುಕೆರೆಯ ಮೀನು, ಹಕ್ಕಿ ಸತ್ತವು, ಹುಲ್ಲುಗಾವಲು ಸುಟ್ಟಿತು. ಸಾವಿರಾರು ಜನ ಮನೆ ಬಿಟ್ಟು ಶಿಬಿರ ಸೇರಿದರು. ಸೆಪ್ಟೆಂಬರ್‌ನಲ್ಲಿ, ಬೆಂಕಿ ಇನ್ನೂ ಉರಿಯುತ್ತಿರುವಾಗ, ಅಲ್ಲೇ ಕೆಲಸದಲ್ಲಿದ್ದ ಎಳೆಯ ಎಂಜಿನಿಯರೊಬ್ಬ ಕರೆಂಟು ಹೊಡೆದು ಸತ್ತ. ನವೆಂಬರ್ 15ಕ್ಕೆ ಬಾವಿಯೊಳಗೆ ಉಪ್ಪುನೀರು ಒತ್ತಿ ತುಂಬಿ ಅನಿಲವನ್ನು ಅದುಮಿದರು. ಎಂಜಿನಿಯರರ ಮಾತಿನಲ್ಲಿ ಇದಕ್ಕೆ ಬಾವಿಯನ್ನು 'ಕೊಲ್ಲುವುದು' ಎನ್ನುತ್ತಾರೆ.