ದಂಡಿನ ನೀರೂ ರೋಗಾಣುಗಳ ಶೋಧನೆಯೂ

ಬೆಂಗಳೂರು ದಂಡಿನ ಮೂಡಲಿಗಿರುವ ಮಾರತ್ತಹಳ್ಳಿಯು ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಣ ಗ್ರಾಮವಾಗಿದ್ದು, ಈಗ ನಗರದೊಳಗೆ ಸೇರಿಹೋಗಿದೆ. ಅಲ್ಲಿಯ ಅನೇಕ ಮನೆಗಳವರು ಕೊಳವೆಬಾವಿಯ ನೀರನ್ನೂ ಟ್ಯಾಂಕರಿನ ನೀರನ್ನೂ ನೆಚ್ಚಿರುವರು. ಈ ನೀರಿನಲ್ಲಿ ರೋಗವುಂಟೋ ಇಲ್ಲವೋ ಎಂಬುದು ಅವರ ಪ್ರಶ್ನೆ. ಇದೇ ಪ್ರಶ್ನೆಯು ನೂರಿಪ್ಪತ್ತೈದು ವರ್ಷಗಳಿಗೂ ಹಿಂದೆ ದಂಡಿನಲ್ಲಿ ಹುಟ್ಟಿ ಹೇಗೆ ಇತ್ಯರ್ಥವಾಯಿತೆಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಸೈನ್ಯದ ವೈದ್ಯರಾಗಿದ್ದ ರೊನಾಲ್ಡ್ ರಾಸರು ೧೮೮೩ರಲ್ಲಿ ಬೆಂಗಳೂರಿನಲ್ಲಿದ್ದರು. ತಮ್ಮ ಬಂಗಲೆಯ ಬಳಿಯ ತೊಟ್ಟಿಯ ನೀರಿನಲ್ಲಿ ಸೊಳ್ಳೆಯ ಮರಿಗಳಿರುವುದನ್ನು ಕಂಡು ಅವರು ಆ ನೀರನ್ನು ಚೆಲ್ಲಿಸಲು, ಸೊಳ್ಳೆಯ ಕಾಟವು ತಗ್ಗಿತು. ಆ ಸೊಳ್ಳೆಗೂ ಚಳಿಜ್ವರಕ್ಕೂ ಇರುವ ಸಂಬಂಧವು ಆಗ ಯಾರಿಗೂ ಗೊತ್ತಾಗಿರಲಿಲ್ಲ.

೧೮೯೫ರಲ್ಲಿ ದಂಡಿನಲ್ಲಿ ವಾಂತಿಭೇದಿಯ ಹಾವಳಿಯುಂಟಾಗಲು, ನೈರ್ಮಲ್ಯದ ಕೆಲಸಕ್ಕಾಗಿ ರಾಸರು ಮರಳಿ ನಿಯಮಿತರಾದರು. ಆ ವೇಳೆಗೆ ಜರ್ಮನಿಯ ಕಾಖ್ ಪಂಡಿತರು ೧೮೮೪ರಲ್ಲಿ ಕಲ್ಕತ್ತೆಯ ಕೆರೆಯೊಂದರ ನೀರಿನಲ್ಲಿಯೇ ಆ ರೋಗದ ಅಣುಜೀವಿಯನ್ನು ಕಂಡುಹಿಡಿದಿದ್ದರು. ಇಲ್ಲಿ ನೀರಿನ ಮೇಲಣ ಸಂಶಯವು ನ್ಯಾಯವಾದುದೇ. ರಾಸರು ದಂಡಿನ ವಾಂತಿಭೇದಿಯನ್ನೂ ನೈರ್ಮಲ್ಯವನ್ನೂ ಕುರಿತು ವರದಿಯೊಂದನ್ನು ಬರೆದರು. ಅದು ೧೮೯೬ರಲ್ಲಿ ಪ್ರಕಟವಾಯಿತು. ಹೆಸರುಘಟ್ಟದಿಂದ ಕೊಳಾಯಿಯ ನೀರು ಬೆಂಗಳೂರಿಗೆ ಬಂದುದೂ ಆ ಕಾಲದಲ್ಲಿಯೇ.

ಆದರೆ ಚಳಿಜ್ವರದ ವಿಷಯದಲ್ಲಿ ಅದೇ ಸಂಶಯವು ದಾರಿ ತಪ್ಪಿಸಿತು. ಲ್ಯಾವರಾನ್ ಎಂಬ ಫ್ರೆಂಚ್ ವೈದ್ಯರು ೧೮೮೦ರಲ್ಲಿ ಆ ರೋಗದ ಪರೋಪಜೀವಿಯನ್ನು ಮನುಷ್ಯರ ರಕ್ತದಲ್ಲಿ ನೋಡಿದ್ದರು. ಸೊಳ್ಳೆಯು ನೀರಿನಲ್ಲಿ ಸತ್ತು, ಆ ನೀರನ್ನು ಕುಡಿದವರಿಗೆ ಜ್ವರ ತಗಲುವುದೆಂದು ಮ್ಯಾನ್ಸನ್ನರು ಊಹಿಸಿದರು. ರಾಸರು ಇದನ್ನು ನಂಬಿ, ಒಪ್ಪಿದವರಿಗೆ ಅಂತಹ ನೀರನ್ನು ಕುಡಿಸಿ ಪರೀಕ್ಷಿಸಿದರು, ಊಹೆಯು ಸಿದ್ಧಪಡಲಿಲ್ಲ. ೧೮೯೬ರ ಮೇ ತಿಂಗಳಲ್ಲಿ, ರೋಗವು ಸೊಳ್ಳೆಯ ಕಡಿತದಿಂದಲೇ ಬರುವುದೆಂಬ ನಂಬಿಕೆ ತಮ್ಮಲ್ಲಿ ಬಲಿಯುತ್ತಿದೆಯೆಂದು ಮ್ಯಾನ್ಸನ್ನರಿಗೆ ತಿಳಿಸಿದರು. ೧೮೯೭ನೆಯ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ, ಸೊಳ್ಳೆಯ ಜಠರದ ಗೋಡೆಯಲ್ಲಿ ಆ ಪರೋಪಜೀವಿಯು ಸೂಕ್ಷ್ಮದರ್ಶಕಕ್ಕೆ ಗೋಚರವಾಯಿತು. ನೀರು ಸೊಳ್ಳೆಗೆ ತೊಟ್ಟಿಲು ಮಾತ್ರವೇ ಹೊರತು ಜ್ವರಕ್ಕೆ ವಾಹನವಲ್ಲ.

ಇದರಿಂದ ಸಿದ್ಧವಾಗುವುದೇನೆಂದರೆ, ನೀರು ಒಳ್ಳೆಯದೋ ಕೆಟ್ಟದೋ ಎಂದು ಒಟ್ಟಾರೆ ಕೇಳಿದರೆ ಸಾಲದು. ಒಂದೊಂದು ಜೀವಿಯನ್ನೂ ಹೆಸರಿಟ್ಟು ಹುಡುಕಬೇಕು. ಇಂದಿಗೂ ನೀರಿನ ಸಾಮಾನ್ಯ ಪರೀಕ್ಷೆಯು ಮಲದಿಂದ ಬರುವ ಬ್ಯಾಕ್ಟೀರಿಯಗಳನ್ನು ಅರಸುವುದು. ಅವು ಸಿಕ್ಕದಿದ್ದರೆ ನೀರು ಶುದ್ಧವೆನ್ನುವರು. ಆದರೆ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಪರೋಪಜೀವಿಯ ಕೋಶವು ವಾಡಿಕೆಯ ಕ್ಲೋರಿನ್ನಿಗೆ ಜಗ್ಗುವುದಿಲ್ಲ. ೧೯೯೩ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕೊಳಾಯಿಯ ನೀರಿನಿಂದಲೇ ಸುಮಾರು ೪ ಲಕ್ಷ ಜನರು ಇದರಿಂದ ಬೇನೆಬಿದ್ದರೆಂದು ಅಂದಾಜು. ಇದನ್ನು ಕಾಣಬೇಕಾದರೆ ಹಲವು ಲೀಟರು ನೀರನ್ನು ಸೋಸಿ, ಉಳಿದುದರಿಂದ ಕೋಶಗಳನ್ನು ಪ್ರತ್ಯೇಕಿಸಿ, ಹೊಳೆಯುವ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಆದುದರಿಂದ ಮಾರತ್ತಹಳ್ಳಿಯವರಿಗೆ ಪರೀಕ್ಷೆಯ ಕಾಗದವು ಬಂದಾಗ, ಇದರಲ್ಲಿ ಏನನ್ನು ಹುಡುಕಿರುವರು, ಏನನ್ನು ಹುಡುಕಿಲ್ಲವೆಂದು ಕೇಳುವುದು ಉಚಿತ. ಹುಡುಕದಿರುವುದು ಇಲ್ಲವೆಂದಾಗದು.